ವಚನ ಪಿತಾಮಹ ಹಳಕಟ್ಟಿ ಸರಕಾರಿ ವಕೀಲರೂ ಆಗಿದ್ದರು

ಪ್ರತಿ ವರ್ಷ ಜುಲೈ 2ಕ್ಕೆ ಫ.ಗು. ಹಳಕಟ್ಟಿಯವರ ಫೋಟೊಗೆ ಹಾರ ಬೀಳುತ್ತದೆ. ಅವರು ಹುಟ್ಟಿದ ದಿನವನ್ನು ಸರಕಾರ ವಚನ ಸಾಹಿತ್ಯ ಸಂರಕ್ಷಣಾ ದಿನ ಅಂತ ಆಚರಿಸುತ್ತದೆ. ಭಾಷಣ ಮಾಡುವವರು ತಾಡೋಲೆ, ಸೈಕಲ್ಲು, ತೇಪೆ ಹಾಕಿದ ಕೋಟು, ಅಚ್ಚುಕೂಟಕ್ಕಾಗಿ ಮಾರಿದ ಮನೆ, ಇಷ್ಟು ಹೇಳಿ ಕೂತುಬಿಡುತ್ತಾರೆ. ಎಲ್ಲ ನಿಜವೇ. ಆದರೆ ಈ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಅನ್ನೋದು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಅವರು ವಕೀಲರು. ಬರೀ ವಕೀಲರಲ್ಲ, ವಿಜಾಪುರದ ಸರಕಾರಿ ವಕೀಲರು, ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್. ಕೊಲೆ, ದರೋಡೆ ಕೇಸುಗಳಲ್ಲಿ ಸರಕಾರದ ಪರವಾಗಿ ಎದ್ದು ನಿಲ್ಲುವ ಕೆಲಸ ಅದು.

2024ರಲ್ಲಿ ಜುಲೈ 1ಕ್ಕೆ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದವು. ಮರುದಿನ ಹಳಕಟ್ಟಿ ಜಯಂತಿ. ಒಂದು ದಿನ ಟಿ.ವಿ. ತುಂಬ ಪೊಲೀಸರ ಹೊಸ ಅಧಿಕಾರದ ಚರ್ಚೆ, ಇನ್ನೊಂದು ದಿನ ವಚನ ಗಾಯನ. ಆ ಎರಡು ದಿನಗಳ ನಡುವಿನ ಸಂಬಂಧ ಹುಡುಕುತ್ತ ಹೋದರೆ ಅವರ ಬದುಕು ಬೇರೆಯದೇ ರೀತಿ ಕಾಣತೊಡಗುತ್ತದೆ.

ಹಳಕಟ್ಟಿ ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪ ಮೇಷ್ಟರು, ಬರಹಗಾರರೂ ಹೌದು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು, ಹುಡುಗ ಅಜ್ಜಿಯ ಕೈಯಲ್ಲಿ ಬೆಳೆದ. ಇದಾದ ಹತ್ತೇ ದಿನಕ್ಕೆ, ಜುಲೈ 12ರಂದು, ವಿಜಾಪುರದಲ್ಲಿ ಆಲೂರು ವೆಂಕಟರಾಯರು ಹುಟ್ಟಿದರು. ಧಾರವಾಡದಲ್ಲಿ ಹುಟ್ಟಿದವರು ವಿಜಾಪುರಕ್ಕೆ ಬಂದು ನೆಲೆಸಿದರು, ವಿಜಾಪುರದಲ್ಲಿ ಹುಟ್ಟಿದವರು ಧಾರವಾಡದವರಾದರು. ಇಬ್ಬರೂ ಕಾನೂನು ಓದಿದರು, ಇಬ್ಬರೂ ಕೊನೆಗೆ ಕೋರ್ಟು ಬಿಟ್ಟು ಕನ್ನಡಕ್ಕೆ ಬಂದರು. ಆ ಕಾಲದ ಮುಂಬೈ ಕರ್ನಾಟಕದಲ್ಲಿ ಓದಿದ ಹುಡುಗರಿಗೆ ವಕೀಲಿ ಅಂದರೆ ಸರಕಾರದ ನೌಕರಿ ಮಾಡದೆಯೂ ಮರ್ಯಾದೆಯಿಂದ ಬದುಕಬಹುದಾದ ಒಂದೇ ದಾರಿ. ಆ ಸ್ವಾತಂತ್ರ್ಯದ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ಹಳಕಟ್ಟಿ ಮುಂಬೈಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ, ಕಾನೂನು ಪದವಿ ಪಡೆದು, 1904ರಲ್ಲಿ ವಕೀಲಿ ಶುರು ಮಾಡಿದರು. ಮೊದಲು ಸ್ವಲ್ಪ ಕಾಲ ಬೆಳಗಾವಿ, ಆಮೇಲೆ ವಿಜಾಪುರ. ಅಲ್ಲಿಂದ ಮುಂದೆ ಸಾಯೋತನಕ ಅದೇ ಊರು.

ಅವರು ಬಂದಾಗಿನ ವಿಜಾಪುರವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. 1880ರ ದಶಕದಲ್ಲಷ್ಟೇ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಿತ್ತು. ಹೊಸ ಕಚೇರಿ ಕಟ್ಟುವ ಖರ್ಚು ಯಾಕೆ ಅಂತ ಬ್ರಿಟಿಷರು ಆದಿಲಶಾಹಿ ಅರಮನೆಗಳಲ್ಲೇ ಸಂಸಾರ ಹೂಡಿದ್ದರು. ಅದಾಲತ್ ಮಹಲ್ ಅನ್ನೋ ಕಟ್ಟಡ ಕಲೆಕ್ಟರ್ ಸಾಹೇಬರ ವಾಸದ ಮನೆಯಾಯಿತು. ಹೆಸರು ನ್ಯಾಯದ್ದು, ಒಳಗೆ ಮಲಗುವವನು ಕಂದಾಯದವನು. ಮುಸ್ತಫಾ ಖಾನನ ಸರಾಯಿ, ಒಂದು ಕಾಲಕ್ಕೆ ಪ್ರಯಾಣಿಕರು ತಂಗುತ್ತಿದ್ದ ಜಾಗ, ಜೈಲಾಯಿತು. ಇನ್ನು ಆಸಾರ್ ಮಹಲ್. ಮಹಮ್ಮದ್ ಆದಿಲಶಾಹ 1646ರ ಸುಮಾರಿಗೆ ಅದನ್ನು ಕಟ್ಟಿಸಿದ್ದೇ ನ್ಯಾಯ ಹೇಳಲಿಕ್ಕೆ. ಮೊದಲ ಹೆಸರು ದಾದ್ ಮಹಲ್, ಅಂದರೆ ನ್ಯಾಯದ ಮನೆ.

ಇದೇ ಮಹಮ್ಮದ್ ಆದಿಲಶಾಹ 1633ರಲ್ಲಿ ಕಟ್ಟಿಸಿದ್ದು ಮಮದಾಪುರದ ದೊಡ್ಡ ಕೆರೆ. ಊರಿನ ಹೆಸರೇ ಅವನದ್ದು, ಮಹಮ್ಮದಪುರ ನಮ್ಮ ಜನರ ಬಾಯಲ್ಲಿ ಮಮದಾಪುರ ಆಗಿದೆ. ಈಗ ಬಬಲೇಶ್ವರ ತಾಲ್ಲೂಕು, ಆಗ ವಿಜಾಪುರ ತಾಲ್ಲೂಕು. ಕೆರೆ ಕಟ್ಟಿಸುವವನೂ ಸುಲ್ತಾನ, ಕಳ್ಳನನ್ನು ಹಿಡಿಸುವವನೂ ಸುಲ್ತಾನ, ದಾದ್ ಮಹಲಿನಲ್ಲಿ ಕೂತು ತೀರ್ಪು ಕೊಡುವವನೂ ಸುಲ್ತಾನ. ಒಳ್ಳೆಯವನಿದ್ದರೆ ಕೆರೆ, ಕೆಟ್ಟವನಿದ್ದರೆ ನೇಣು. ಬ್ರಿಟಿಷರು ಇದನ್ನು ಮುರಿದು ಕಾನೂನಿನ ಆಡಳಿತ ತಂದೆವು ಅಂತ ಹೇಳಿಕೊಂಡರು. ಎಷ್ಟರಮಟ್ಟಿಗೆ ತಂದರು ಅಂತ ತಿಳಿಯಬೇಕಾದರೆ ಹಳಕಟ್ಟಿ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗುತ್ತಿದ್ದ ಕಾಲದಲ್ಲಿ ಮಮದಾಪುರದಂಥ ಊರಿನ ಒಂದು ಕೇಸು ಯಾವ್ಯಾವ ಕೈ ದಾಟುತ್ತಿತ್ತು ಅಂತ ನೋಡಬೇಕು.

ಕೆರೆ ಏರಿ ಹತ್ತಿರ ರಾತ್ರಿ ದರೋಡೆ ಆಯಿತು, ಒಬ್ಬನ ಜೀವ ಹೋಯಿತು ಅಂತ ಇಟ್ಟುಕೊಳ್ಳಿ. ಬೆಳಗಾದರೆ ಸುದ್ದಿ ಮೊದಲು ಹೋಗುವುದು ಪೊಲೀಸ್ ಪಾಟೀಲನಿಗೆ. ಈತ ವಂಶಪಾರಂಪರ್ಯದ ವತನದಾರ, ಊರ ಗೌಡ. ಕೈಕೆಳಗೆ ತಳವಾರ, ವಾಲಿಕಾರ. 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆ ಪಾಟೀಲನಿಗೆ ಪಂಚರನ್ನು ಕೂಡಿಸಿ ಹೆಣ ನೋಡುವ, ಆರೋಪಿಯನ್ನು ಹಿಡಿದು ಠಾಣೆಗೆ ಕಳಿಸುವ ಅಧಿಕಾರ ಕೊಟ್ಟಿತ್ತು. ಸಣ್ಣಪುಟ್ಟ ಬೈದಾಟ, ಹೊಡೆದಾಟವಾದರೆ ತಾನೇ ವಿಚಾರಿಸಿ ಒಂದು ದಿನದ ಮಟ್ಟಿಗೆ ಕೂಡಿಹಾಕುವ ಅಧಿಕಾರವೂ ಇತ್ತು. ಅಂದರೆ ಊರ ಮಟ್ಟದಲ್ಲೇ ಪೊಲೀಸೂ ಅವನೇ, ನ್ಯಾಯಾಧೀಶನೂ ಅವನೇ. ಅವನ ಹೊಲದಲ್ಲಿ ದುಡಿಯುವವನ ಮೇಲೇ ಆರೋಪ ಬಂದರೆ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಠಾಣೆ. ಫೌಜದಾರ ಬರುತ್ತಾನೆ, ಪಂಚನಾಮೆ ಆಗುತ್ತದೆ, ಹೇಳಿಕೆ ಬರೆದುಕೊಳ್ಳುತ್ತಾರೆ. ಹಳಕಟ್ಟಿ ವಕೀಲಿ ಶುರು ಮಾಡಿದ ಹೊತ್ತಿಗೆ ಸರಿಯಾಗಿ, 1902-03ರ ಪೊಲೀಸ್ ಆಯೋಗ ಇಡೀ ದೇಶ ಸುತ್ತಿ ವರದಿ ಬರೆದಿತ್ತು. ಪೊಲೀಸ್ ವ್ಯವಸ್ಥೆ ಭ್ರಷ್ಟ, ಜನ ಅದನ್ನು ಕಂಡರೆ ಹೆದರುತ್ತಾರೆ ಅನ್ನುವುದು ಸರಕಾರದ್ದೇ ಆಯೋಗದ ತೀರ್ಮಾನ. ಸಾಕ್ಷ್ಯ ಕಾಯ್ದೆಯೂ ಪೊಲೀಸರನ್ನು ನಂಬುತ್ತಿರಲಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಅಂತ 1872ರಲ್ಲೇ ಬರೆದಿಟ್ಟಿದ್ದರು. ತಾನೇ ಸಾಕಿದ ಪೊಲೀಸರ ಮೇಲೆ ತನಗೇ ನಂಬಿಕೆ ಇಲ್ಲದ ರಾಜ್ಯ ಅದು.

ಫೌಜದಾರನ ಕಾಗದ ಹೋಗುವುದು ಮ್ಯಾಜಿಸ್ಟ್ರೇಟರ ಹತ್ತಿರ. ಇಲ್ಲಿದೆ ನೋಡಿ ಮಜಾ. ಮ್ಯಾಜಿಸ್ಟ್ರೇಟ್ ಅಂದರೆ ಇವತ್ತಿನಂತೆ ಹೈಕೋರ್ಟಿನ ಕೈಕೆಳಗಿನ ನ್ಯಾಯಾಧಿಕಾರಿ ಅಲ್ಲ. ತಾಲ್ಲೂಕಿನ ಮಾಮಲೇದಾರನೇ ಮ್ಯಾಜಿಸ್ಟ್ರೇಟ್. ಬೆಳಗ್ಗೆ ಕಂದಾಯ ವಸೂಲಿ, ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಕೂತು ವಿಚಾರಣೆ. ಎರಡನೇ ದರ್ಜೆಯವನಾದರೆ ಆರು ತಿಂಗಳ ಸಜೆ ಕೊಡಬಲ್ಲ. ಅವನ ಮೇಲೆ ಪ್ರಾಂತ ಸಾಹೇಬ, ಮೊದಲ ದರ್ಜೆ, ಎರಡು ವರ್ಷದವರೆಗೆ. ಅವನ ಮೇಲೆ ಕಲೆಕ್ಟರ್, ಆತನೇ ಜಿಲ್ಲಾ ಮ್ಯಾಜಿಸ್ಟ್ರೇಟ್. ಜಿಲ್ಲೆಯ ಪೊಲೀಸ್ ಸುಪರಿಂಟೆಂಡೆಂಟ್ ಕೂಡ ಆ ಕಲೆಕ್ಟರ್ ಮಾತಿಗೇ ಒಳಪಟ್ಟವನು. ಹಿಡಿಯುವ ಪೊಲೀಸರೂ ಅವನ ಕೈಕೆಳಗೆ, ಹಿಡಿದದ್ದು ಸರಿಯೇ ಅಂತ ನೋಡುವ ಮ್ಯಾಜಿಸ್ಟ್ರೇಟರೂ ಅವನ ಕೈಕೆಳಗೆ. ಕೆಳಗಿನ ಕೋರ್ಟುಗಳಲ್ಲಿ ಕೇಸು ನಡೆಸುವವರೂ ಹೆಚ್ಚಾಗಿ ಪೊಲೀಸರೇ. ಸುಲ್ತಾನ ಹೋಗಿ ಎರಡು ಶತಮಾನ ದಾಟಿತ್ತು. ಅದಾಲತ್ ಮಹಲಿನ ಬಾಡಿಗೆದಾರ ಮಾತ್ರ ಬದಲಾಗಿದ್ದ.

ಇದನ್ನು ಬೇರೆ ಮಾಡಿ ಅಂತ ಕಾಂಗ್ರೆಸ್ ಹುಟ್ಟಿದ ಮೊದಮೊದಲ ವರ್ಷಗಳಿಂದಲೇ ಠರಾವು ಹಾಕುತ್ತಿತ್ತು. ಸರಕಾರ ಖರ್ಚಿನ ನೆಪ ಹೇಳಿ ತಳ್ಳುತ್ತಲೇ ಬಂತು.

ಕೊಲೆ ಕೇಸು ಮ್ಯಾಜಿಸ್ಟ್ರೇಟರ ಹತ್ತಿರ ಮುಗಿಯುವಂಥದ್ದಲ್ಲ. ಅವರು ಪ್ರಾಥಮಿಕ ವಿಚಾರಣೆ ನಡೆಸಿ ಸೆಷನ್ಸ್ ಕೋರ್ಟಿಗೆ ಒಪ್ಪಿಸುತ್ತಾರೆ. ಅಲ್ಲಿ ಮೊದಲ ಸಲ ಕಲೆಕ್ಟರ್ ನೆರಳಿನಿಂದ ಹೊರಗಿರುವ ಇಬ್ಬರು ಕಾಣುತ್ತಾರೆ. ಒಬ್ಬರು ಸೆಷನ್ಸ್ ಜಡ್ಜ್, ಅವರು ಮುಂಬೈ ಹೈಕೋರ್ಟಿಗೆ ಉತ್ತರ ಹೇಳಬೇಕಾದವರು. ಇನ್ನೊಬ್ಬರು ಸರಕಾರಿ ವಕೀಲರು. 1898ರ ದಂಡ ಪ್ರಕ್ರಿಯಾ ಸಂಹಿತೆ ಪ್ರಕಾರ ಸೆಷನ್ಸ್ ಕೋರ್ಟಿನ ಪ್ರತಿ ಕೇಸನ್ನೂ ಪಬ್ಲಿಕ್ ಪ್ರಾಸಿಕ್ಯೂಟರೇ ನಡೆಸಬೇಕು. ನೇಮಿಸುವುದು ಸರಕಾರ. ಆದರೆ ನೇಮಕವಾಗುವವರು ಸ್ಥಳೀಯ ಬಾರಿನ ವಕೀಲರು, ಸ್ವಂತ ಕಕ್ಷಿದಾರರು ಇರುವವರು. ಈ ಕೆಲಸ ಹೋದರೆ ಮನೆಯ ಒಲೆ ಆರುವುದಿಲ್ಲ.

ಹಳಕಟ್ಟಿ ಕೂತದ್ದು ಆ ಕುರ್ಚಿಯಲ್ಲಿ. ಠಾಣೆಯಿಂದ ಬಂದ ಕಾಗದಗಳನ್ನು ಪೊಲೀಸ್ ಇಲಾಖೆಯವನಲ್ಲದ ಒಬ್ಬ ಕಾನೂನು ಬಲ್ಲವನು ಮೊದಲ ಸಲ ಬಿಚ್ಚಿ ನೋಡುವ ಜಾಗ ಅದು. ಜೊತೆಗೆ ಆ ಕುರ್ಚಿಗೆ ಒಂದು ದೊಡ್ಡ ಅಧಿಕಾರವಿತ್ತು. ಅದೇ ಸಂಹಿತೆಯ 494ನೇ ಕಲಂ ಪ್ರಕಾರ ಕೋರ್ಟಿನ ಒಪ್ಪಿಗೆ ಪಡೆದು ಕೇಸು ವಾಪಸ್ ತೆಗೆದುಕೊಳ್ಳಬಹುದು. ಯಾರು? ಕಲೆಕ್ಟರ್ ಅಲ್ಲ, ಗವರ್ನರ್ ಅಲ್ಲ. ಪಬ್ಲಿಕ್ ಪ್ರಾಸಿಕ್ಯೂಟರ್. ಕಾನೂನು ಬರೆದವರು ಬೇಕಂತಲೇ ಇಟ್ಟರೋ, ಬೇಡವಾಗಿ ಬಂತೋ, ಕಲೆಕ್ಟರ್‌ಗೆ ಗೋಡೆಯಂತೆ ಅಡ್ಡ ನಿಲ್ಲಬಹುದಾದ ಒಂದು ಜಾಗ ಅಲ್ಲಿ ಉಳಿದುಕೊಂಡಿತು. ಅಲ್ಲಿ ಕೂತವನು ಗೋಡೆಯಾಗುತ್ತಾನೋ ಬಾಗಿಲಾಗುತ್ತಾನೋ ಅನ್ನೋದು ಮನುಷ್ಯನ ಮೇಲೆ ಬಿಟ್ಟದ್ದು. ವ್ಯವಸ್ಥೆಯ ದೌರ್ಬಲ್ಯವೂ ಅದೇ. ಕಾನೂನಿನ ಕಾವಲಿಗಿಂತ ವ್ಯಕ್ತಿಯ ಪ್ರಾಮಾಣಿಕತೆಯ ಮೇಲೆ ಹೆಚ್ಚು ಭಾರ ಬಿದ್ದಿತ್ತು.

ಆದರೆ ಹಳಕಟ್ಟಿ ಓಡಾಡುತ್ತಿದ್ದ ಅದೇ ವಿಜಾಪುರದಲ್ಲಿ, ಈ ಎಲ್ಲ ಮೆಟ್ಟಿಲುಗಳನ್ನೂ ಪಕ್ಕಕ್ಕಿಟ್ಟ ಇನ್ನೊಂದು ವ್ಯವಸ್ಥೆ ಶುರುವಾಗಿತ್ತು. ಇದರ ಬಗ್ಗೆ ನಮ್ಮ ಜಿಲ್ಲೆಯವರೇ ಮಾತಾಡುವುದು ಕಡಿಮೆ. 1910ರ ಆಸುಪಾಸಿನಲ್ಲಿ ಓ.ಎಚ್.ಬಿ. ಸ್ಟಾರ್ಟ್ ಅನ್ನೋ ಐ.ಸಿ.ಎಸ್. ಅಧಿಕಾರಿ ಇಲ್ಲಿ ಅಪರಾಧಿ ಬುಡಕಟ್ಟುಗಳ ಸೆಟಲ್‌ಮೆಂಟ್ ಆರಂಭಿಸಿದ. ಮುಂಬೈ ಪ್ರಾಂತದಲ್ಲಿ ಈ ಪ್ರಯೋಗದ ಮೊದಲ ನೆಲ ವಿಜಾಪುರವೇ. ಹರಣಶಿಕಾರಿ, ಗಂಟಿಚೋರ್, ಛಪ್ಪರಬಂದ್ ಅಂತ ಸರಕಾರ ಹೆಸರು ಬರೆದುಕೊಂಡ ಸಮುದಾಯಗಳವರನ್ನು ಒಂದೆಡೆ ಕೂಡಿಸಿ ದುಡಿಸುವ ಯೋಜನೆ. ಮುಂದೆ ಇದೇ ಮಾದರಿ ಹುಬ್ಬಳ್ಳಿಗೂ ಬೇರೆ ಕಡೆಗೂ ಹೋಯಿತು.

1911ರ ಅಪರಾಧಿ ಬುಡಕಟ್ಟು ಕಾಯ್ದೆ ಹೇಗೆ ಕೆಲಸ ಮಾಡುತ್ತಿತ್ತು ಗೊತ್ತೇ? ಸರಕಾರ ಒಂದು ಸಮುದಾಯವನ್ನು ಅಪರಾಧಿ ಬುಡಕಟ್ಟು ಅಂತ ಅಧಿಸೂಚನೆಯಲ್ಲಿ ಬರೆದರೆ ಮುಗಿಯಿತು. ಆ ಅಧಿಸೂಚನೆ ಸರಿಯೇ ತಪ್ಪೇ ಅಂತ ಯಾವ ಕೋರ್ಟೂ ಕೇಳುವ ಹಾಗಿಲ್ಲ, ಕಾಯ್ದೆಯಲ್ಲೇ ಹಾಗೆ ಬರೆದಿತ್ತು. ಹೆಸರು ನೋಂದಣಿ, ಬೆರಳಚ್ಚು, ಹಾಜರಿ, ಊರು ಬಿಡಬೇಕಾದರೆ ಪಾಸು. ಮಗು ಹುಟ್ಟಿದ ಮನೆಯೇ ಅದರ ಅಪರಾಧ. ಚಾರ್ಜ್‌ಶೀಟ್ ಇಲ್ಲ, ಸಾಕ್ಷಿ ಇಲ್ಲ, ವಾದ ಇಲ್ಲ, ಸೆಷನ್ಸ್ ಜಡ್ಜ್ ಇಲ್ಲ, ಹಳಕಟ್ಟಿಯಂಥ ಒಬ್ಬ ಪ್ರಾಸಿಕ್ಯೂಟರ್ ಕೂಡ ಬೇಕಿಲ್ಲ. ಮಮದಾಪುರದ ಕೊಲೆ ಆರೋಪಿಗೆ ನಾಲ್ಕೈದು ಮೆಟ್ಟಿಲಾದರೂ ಇದ್ದವು, ಎಲ್ಲಾದರೂ ಒಂದು ಕಡೆ ಯಾರಾದರೂ ಇಲ್ಲ ಅನ್ನುವ ಸಾಧ್ಯತೆ ಇತ್ತು. ಏನೂ ಮಾಡದ ಹರಣಶಿಕಾರಿ ಹೆಣ್ಣುಮಗಳಿಗೆ ಒಂದು ಮೆಟ್ಟಿಲೂ ಇರಲಿಲ್ಲ. ಸುಧಾರಣೆ ಅನ್ನೋ ಪದ ಮಾತ್ರ ಧಾರಾಳ ಇತ್ತು. ಈ ಕಾಯ್ದೆ ಹೋದದ್ದು 1952ರಲ್ಲಿ. ರೂಢಿಗತ ಅಪರಾಧಿ ಅನ್ನೋ ಹೊಸ ಹಣೆಪಟ್ಟಿಯ ಕಾನೂನುಗಳು ಅದರ ಜಾಗಕ್ಕೆ ಬಂದು ಕೂತವು, ಅದು ಇನ್ನೊಂದು ದೊಡ್ಡ ಕತೆ.

ಕೋರ್ಟಿನ ಹೊರಗಿನ ಹಳಕಟ್ಟಿಯವರ ಕೆಲಸ ನೋಡಿದರೆ, ಇಷ್ಟೆಲ್ಲ ಮಾಡಲು ಒಬ್ಬ ವಕೀಲನಿಗೆ ಹೊತ್ತು ಎಲ್ಲಿತ್ತು ಅನ್ನಿಸುತ್ತದೆ. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. ಒಕ್ಕಲಿಗರಿಗೆ, ನೇಕಾರರಿಗೆ ಸಹಕಾರಿ ಸಂಘಗಳು. ನಗರಸಭೆಯಲ್ಲಿ ಕೂತು ಬರಗಾಲದ ಊರಿಗೆ ಭೂತನಾಳ ಕೆರೆಯ ನೀರು ತರಲು ಓಡಾಟ. ವಿಜಾಪುರದ ಬರ ಅಂದರೆ ಬರೀ ಹಸಿವಲ್ಲ. ಬರ ಬಂದ ವರ್ಷ ಸಾಲ ಏರುತ್ತದೆ, ಹೊಲ ಸಾಹುಕಾರನ ಪಾಲಾಗುತ್ತದೆ, ಕಾಳಿನ ಹಗೇವು ಒಡೆಯುವವರು ಹುಟ್ಟಿಕೊಳ್ಳುತ್ತಾರೆ. ಹಳಕಟ್ಟಿ ಬ್ಯಾಂಕು ಕಟ್ಟಿದ್ದಕ್ಕೂ ಕೋರ್ಟಿನಲ್ಲಿ ದಿನಾ ಕಂಡ ಮುಖಗಳಿಗೂ ಸಂಬಂಧ ಇದ್ದೇ ಇರಬೇಕು ಅನ್ನೋದು ನನ್ನ ಊಹೆ. ಆರೋಪಿಯ ಕಟಕಟೆಗೆ ಬಂದು ನಿಂತವನನ್ನು ನೋಡುವ ಸರಕಾರಿ ವಕೀಲನಿಗೆ ಅವನು ಯಾವ ದಾರಿಯಿಂದ ಅಲ್ಲಿಗೆ ಬಂದ ಅಂತ ಕಾಣದೇ ಇರುವುದಿಲ್ಲ.

1920ರಲ್ಲಿ ಮುಂಬೈ ವಿಧಾನ ಪರಿಷತ್ತಿಗೂ ಹೋದರು. ಆದರೆ ಆಗಿನ ದ್ವಿಪ್ರಭುತ್ವದಲ್ಲಿ ಶಾಲೆ, ಸಹಕಾರ, ಸ್ಥಳೀಯ ಸಂಸ್ಥೆ ಇವು ಮಾತ್ರ ಭಾರತೀಯ ಮಂತ್ರಿಗಳ ಕೈಗೆ. ಪೊಲೀಸ್, ಜೈಲು, ನ್ಯಾಯಾಡಳಿತ ಗವರ್ನರ್ ಕಡೆಯ ಕಾದಿರಿಸಿದ ವಿಷಯಗಳು. ಜನ ಆರಿಸಿದವರು ಕೈ ಹಾಕುವ ಹಾಗಿಲ್ಲ. ಸರಕಾರ ಅವರಿಗೆ ರಾವ್ ಬಹದ್ದೂರ್ ಪದವಿ ಕೊಟ್ಟಿತು, ಅವರು ತೆಗೆದುಕೊಂಡರು. ಗಾಂಧಿ ಕರೆಗೆ ಓಗೊಟ್ಟು ಕೋರ್ಟು ಬಹಿಷ್ಕರಿಸಿ ಜೈಲಿಗೆ ಹೋದ ವಕೀಲರ ಸಾಲಿನಲ್ಲಿ ಅವರನ್ನು ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸುವ ಅಗತ್ಯವೂ ಇಲ್ಲ. ಬ್ರಿಟಿಷ್ ಸರಕಾರದ ಒಳಗೆ ಇದ್ದುಕೊಂಡೇ ಕೆಲಸ ಮಾಡಿದವರು ಅವರು. ಈಗಿನ ನಮ್ಮ ಕಣ್ಣಿಗೆ ಇದು ರಾಜಿ ಅನ್ನಿಸಿದರೆ ಅನ್ನಿಸಲಿ.

ಅವರು ಕೊನೆಗೆ ಬಿಟ್ಟದ್ದು ಬೇರೆ ಕಾರಣಕ್ಕೆ. ರಬಕವಿ-ಬನಹಟ್ಟಿ ಕಡೆ ಒಂದು ಮನೆಯಲ್ಲಿ ಕಂಡ ತಾಡೋಲೆ ಕಟ್ಟು ಅವರ ತಲೆ ಕೆಡಿಸಿತ್ತು. ಅದರಲ್ಲಿದ್ದದ್ದು ವಚನಗಳು. ಜನ ಪೂಜೆಗೆ ಇಟ್ಟುಕೊಂಡಿದ್ದರು, ಓದುವವರಿರಲಿಲ್ಲ. ಅಲ್ಲಿಂದ ಊರೂರು ತಿರುಗಾಟ. ಮಠ, ಮನೆ, ಅಟ್ಟ. ಒಂದೇ ವಚನ ನಾಲ್ಕು ಕಟ್ಟುಗಳಲ್ಲಿ ನಾಲ್ಕು ರೀತಿ ಇರುತ್ತಿತ್ತು, ಅಂಕಿತ ಅದಲು ಬದಲಾಗಿರುತ್ತಿತ್ತು. ಯಾವುದು ಮೂಲ, ಯಾರು ಸೇರಿಸಿದರು, ಈ ಪ್ರತಿ ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಕೇಳಬೇಕು. ಕೊಟ್ಟದ್ದನ್ನು ಕೊಟ್ಟಂತೆ ನಂಬದೆ, ಪ್ರತಿಗೆ ಪ್ರತಿ ಇಟ್ಟು ನೋಡುವ ಈ ಅಭ್ಯಾಸ ಅವರಿಗೆ ಪಂಡಿತರಿಂದ ಬಂದದ್ದಕ್ಕಿಂತ ಪೊಲೀಸರ ಕಾಗದ ಓದಿ ಓದಿ ಬಂದದ್ದು ಹೆಚ್ಚಿರಬೇಕು.

ಅಚ್ಚು ಹಾಕಿಸಲು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕಳಿಸಿದರೆ ಹಸ್ತಪ್ರತಿ ತಿರುಗಿ ಬಂತು. ಕೊನೆಗೆ ಬೆಳಗಾವಿಯಲ್ಲಿ ಮುದ್ರಣವಾಗಿ 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಹೊರಬಂತು. ಯಾರದೋ ಮರ್ಜಿಗೆ ಕಾಯುವುದು ಬೇಡ ಅಂತ 1925ರಲ್ಲಿ ಮನೆ ಮಾರಿ ವಿಜಾಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, ಅದೇ ವರ್ಷ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1927ರಲ್ಲಿ ‘ನವಕರ್ನಾಟಕ’. ವಕೀಲಿ ಹಿಂದೆ ಸರಿಯಿತು, ಆಮೇಲೆ ಪೂರ್ತಿ ಬಿಟ್ಟೇಹೋಯಿತು. ಚೆನ್ನಾಗಿ ಸಂಪಾದಿಸಬಹುದಾಗಿದ್ದ ಮನುಷ್ಯ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋದರು. ಅದಕ್ಕೂ ಮೊದಲು ಐವತ್ತರಷ್ಟು ವಚನಕಾರರ ಹೆಸರು ಗೊತ್ತಿತ್ತು, ಅವರ ಕೈಯಿಂದ ಅದು 250ರ ಹತ್ತಿರ ಬಂತು. ಬಿ.ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ ಗೋಳಗುಮ್ಮಟಕ್ಕಿಂತ ಮೊದಲು ಹಳಕಟ್ಟಿಯವರನ್ನು ನೋಡಬೇಕೆಂದರು ಅನ್ನೋ ಕತೆ ಈಗಲೂ ಊರಲ್ಲಿ ಓಡಾಡುತ್ತದೆ.

ಅವರು ಉಳಿಸಿದ ಆ ಓಲೆಗಳ ಹಿಂದೆಯೂ ಒಂದು ಶಿಕ್ಷೆಯ ಕತೆ ಇದೆ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು ಮದುವೆಯಾದರು ಅಂತ ಬಿಜ್ಜಳ ಆ ಇಬ್ಬರು ತಂದೆಯರಿಗೆ ಎಳೆಹೂಟೆ ಶಿಕ್ಷೆ ಕೊಟ್ಟ ಅಂತ ಪರಂಪರೆ ಹೇಳುತ್ತದೆ. ದೂರು ಕೊಟ್ಟವರು ಆಸ್ಥಾನದವರು, ಆರೋಪ ಹೊರಿಸಿದವನು ರಾಜ, ತೀರ್ಪು ರಾಜನದ್ದು, ಆನೆಯೂ ರಾಜನದ್ದು. ನಡುವೆ ಇಲ್ಲ ಅನ್ನಲು ಅಧಿಕಾರ ಇದ್ದವರು ಯಾರೂ ಇರಲಿಲ್ಲ. ಶರಣರು ಚೆದುರಿದರು, ಓಲೆಗಳು ಅಟ್ಟ ಸೇರಿದವು. ಏಳೂವರೆ ಶತಮಾನದ ಮೇಲೆ ಅವನ್ನು ಅಟ್ಟದಿಂದ ಇಳಿಸಿದವರು ಒಬ್ಬ ಪಬ್ಲಿಕ್ ಪ್ರಾಸಿಕ್ಯೂಟರ್.

ಹಳಕಟ್ಟಿ ಬದುಕಿರುವಾಗಲೇ ಕೆಲವು ಗಂಟು ಬಿಚ್ಚಿದವು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಮಾಡಬೇಕು ಅಂತ ಸಂವಿಧಾನದ 50ನೇ ವಿಧಿ ಹೇಳಿತು. ವಿಜಾಪುರ ಆಗ ಮುಂಬೈ ರಾಜ್ಯದಲ್ಲಿತ್ತು, ಆ ರಾಜ್ಯ 1951ರಲ್ಲೇ ಇದಕ್ಕೊಂದು ಕಾಯ್ದೆ ಮಾಡಿತು. ಕ್ರಿಮಿನಲ್ ವಿಚಾರಣೆ ಮಾಮಲೇದಾರನ ಮೇಜಿನಿಂದ ಎದ್ದು ನ್ಯಾಯಾಂಗದ ಮ್ಯಾಜಿಸ್ಟ್ರೇಟರ ಹತ್ತಿರ ಹೋಗುವ ದಾರಿ ತೆರೆಯಿತು. 1956ರಲ್ಲಿ ಏಕೀಕರಣ, ಅದೇ ವರ್ಷ ಕರ್ನಾಟಕ ವಿಶ್ವವಿದ್ಯಾಲಯದಿಂದ ಅವರಿಗೆ ಡಿ.ಲಿಟ್. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕಿತು, ಪೊಲೀಸ್ ಪಾಟೀಲನ ವತನವೂ ಹೋಯಿತು. 1964ರ ಜೂನ್ 29ರಂದು, 84 ತುಂಬಲು ಮೂರು ದಿನ ಇರುವಾಗ, ಹಳಕಟ್ಟಿ ತೀರಿಕೊಂಡರು.

ಅವರು ಕೂತಿದ್ದ ಕುರ್ಚಿ ಏನಾಯಿತು? 1973ರ ಸಂಹಿತೆ ಮ್ಯಾಜಿಸ್ಟ್ರೇಟ್ ಕೋರ್ಟುಗಳಿಗೂ ಪೊಲೀಸರಲ್ಲದ ಅಭಿಯೋಜಕರನ್ನು ತಂದಿತು. ಆದರೂ ಹಲವು ಕಡೆ ಅವರು ಪೊಲೀಸ್ ಇಲಾಖೆಯ ನಿಯಂತ್ರಣದಲ್ಲೇ ಉಳಿದರು. ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಅದನ್ನು ತಪ್ಪೆಂದು ಹೇಳಿ, ಅವರಿಗೆ ಪ್ರತ್ಯೇಕ ಇಲಾಖೆ ಮಾಡಲು ಸೂಚಿಸಿತು. 2005ರ ತಿದ್ದುಪಡಿಯಲ್ಲಿ ಅಭಿಯೋಜನಾ ನಿರ್ದೇಶನಾಲಯ ಬಂತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅದನ್ನು ಜಿಲ್ಲಾ ಮಟ್ಟಕ್ಕೂ ಒಯ್ಯುವ ಅವಕಾಶ ಕೊಟ್ಟಿದೆ, ಚಾರ್ಜ್‌ಶೀಟ್ ಪರಿಶೀಲಿಸುವ ಕೆಲಸವನ್ನೂ ಹಚ್ಚಿದೆ. ಕೇಳಲು ಚೆನ್ನಾಗಿದೆ. ಆದರೆ ಈ ನಿರ್ದೇಶನಾಲಯ ಇರುವುದು ಗೃಹ ಇಲಾಖೆಯ ಆಡಳಿತ ನಿಯಂತ್ರಣದಲ್ಲಿ. ಪೊಲೀಸರೂ ಗೃಹ ಇಲಾಖೆಯವರೇ. ಸೆಷನ್ಸ್ ಕೋರ್ಟಿನ ಪ್ರಾಸಿಕ್ಯೂಟರ್ ಆಗಬಲ್ಲವರ ಪಟ್ಟಿ ತಯಾರಿಸುವವರು ಇವತ್ತಿಗೂ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಜಿಲ್ಲಾಧಿಕಾರಿ. ಸೆಷನ್ಸ್ ನ್ಯಾಯಾಧೀಶರನ್ನು ಕೇಳಬೇಕು ಅನ್ನೋದಷ್ಟೇ ವ್ಯತ್ಯಾಸ.

ಕೇಸು ವಾಪಸ್ ಪಡೆಯುವ ಆ ಹಳೆಯ ಅಧಿಕಾರದ ಗತಿ ನೋಡಿ. 1898ರಲ್ಲಿ 494, 1973ರಲ್ಲಿ 321, ಈಗ 360. ನಂಬರು ಬದಲಾಗಿದೆ, ಅಧಿಕಾರ ಈಗಲೂ ಪ್ರಾಸಿಕ್ಯೂಟರದ್ದೇ. ಆದರೆ ನಿರ್ಧಾರ ಆಗುವುದು ಎಲ್ಲಿ? ಸಂಪುಟ ಸಭೆಯಲ್ಲಿ. 2020ರ ಆಗಸ್ಟ್‌ನಲ್ಲಿ ಬಿಜೆಪಿ ಸರಕಾರ 60ಕ್ಕೂ ಹೆಚ್ಚು ಪ್ರಕರಣ ಹಿಂಪಡೆಯಲು ಆದೇಶಿಸಿತು, ಅದರಲ್ಲಿ ಜನಪ್ರತಿನಿಧಿಗಳ ಮೇಲಿನ ಕೇಸುಗಳೂ ಇದ್ದವು. ಹೈಕೋರ್ಟ್ ತಡೆ ಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರಕಾರ ಹಳೇ ಹುಬ್ಬಳ್ಳಿ ಗಲಭೆ ಪ್ರಕರಣವೂ ಸೇರಿ 43 ಕೇಸು ಹಿಂಪಡೆಯಲು ಹೊರಟಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ನಮ್ಮವರ ಕೇಸು ಹೋದರೆ ನ್ಯಾಯ, ಅವರವರ ಕೇಸು ಹೋದರೆ ಓಲೈಕೆ ಅಂತ ಎರಡೂ ಕಡೆಯವರು ಫೇಸ್‌ಬುಕ್ಕಿನಲ್ಲಿ ಜಗಳಾಡಿದರು. ಹೋರಾಟಗಾರರ ಮೇಲೆ ಹಾಕಿದ ಸುಳ್ಳು ಕೇಸು ಹೋಗಬೇಕು, ನಿಜ. ಆದರೆ ಅದು ಸುಳ್ಳು ಅಂತ ಕಾಗದ ಓದಿ ತೀರ್ಮಾನಿಸಬೇಕಾದ ವಕೀಲರಿಗೆ ಫೈಲು ಸಿಗುವುದು ತೀರ್ಮಾನ ಆದಮೇಲೆ. ಆ ವಕೀಲರ ಹೆಸರು ಈ ಜಗಳದಲ್ಲಿ ಒಮ್ಮೆಯಾದರೂ ಕಿವಿಗೆ ಬಿತ್ತಾ?

ಹಳಕಟ್ಟಿ ಶುರು ಮಾಡಿದ ವಚನಗಳ ಕೆಲಸ ಮುಂದುವರಿಸಿದವರಲ್ಲಿ ಇದೇ ಜಿಲ್ಲೆಯ ಸಿಂದಗಿ ತಾಲ್ಲೂಕಿನವರೊಬ್ಬರಿದ್ದರು, ಎಂ.ಎಂ. ಕಲಬುರ್ಗಿ. ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ, ಹಳಕಟ್ಟಿ ಹುಟ್ಟಿದ ಊರಿನಲ್ಲಿ, ಅವರನ್ನು ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು. ಸಿಐಡಿ ವರ್ಷಗಟ್ಟಲೆ ತನಿಖೆ ಮಾಡಿತು, ಚಾರ್ಜ್‌ಶೀಟ್ ಬರಲಿಲ್ಲ. ಅವರ ಪತ್ನಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 2019ರ ಫೆಬ್ರುವರಿಯಲ್ಲಿ ಕೋರ್ಟ್ ಈ ಕೇಸನ್ನು ಗೌರಿ ಲಂಕೇಶ್ ಹತ್ಯೆಯ ತನಿಖೆ ನಡೆಸುತ್ತಿದ್ದ ಎಸ್‌ಐಟಿಗೆ ವಹಿಸಿ, ಮೇಲ್ವಿಚಾರಣೆಯನ್ನು ಧಾರವಾಡ ಹೈಕೋರ್ಟ್ ಪೀಠಕ್ಕೆ ಕೊಟ್ಟಿತು. ಆರು ತಿಂಗಳೊಳಗೆ ಆರು ಜನರ ಮೇಲೆ ಚಾರ್ಜ್‌ಶೀಟ್ ಆಯಿತು. ಆಮೇಲೆ ಕೇಸು ಬಂದು ನಿಂತದ್ದು ಧಾರವಾಡದ ಸೆಷನ್ಸ್ ಕೋರ್ಟಿನಲ್ಲಿ, ಸರಕಾರಿ ವಕೀಲರ ಮೇಜಿನ ಮೇಲೆ.